ಆಕೆಯನ್ನು ಕೇಳದೆ ಆಕೆಯ ಉತ್ತರವನ್ನು ನೀವೇ ಹೇಳಬೇಡಿ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಮಕ್ಕಳ ರಕ್ಷಣಾ ನಿರ್ದೇಶನಾಲಯದ ಮತ್ತು ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆಯ ಅಧಿಕಾರಿಗಳಿಗೆ, ಬೆಂಗಳೂರು.
ಪ್ರತಿ: ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ (ಕಾರಾ), ನವದೆಹಲಿ.

ಮಾನ್ಯರೇ,

ನಾನು ದತ್ತುಮಗಳು. ವಯಸ್ಸು ನಲವತ್ತು ದಾಟಿದೆ. ಉತ್ತರ ಕರ್ನಾಟಕದ ಒಂದು ಸಂಸ್ಥೆಯಿಂದ ಕೈಗೂಸಾಗಿದ್ದಾಗಲೇ ದಾವಣಗೆರೆಗೆ ಬಂದೆ. ಅಲ್ಲೇ ಬೆಳೆದೆ, ಓದಿದೆ, ಈಗ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಬೆಳೆಸಿದ ಅಪ್ಪ ಅಮ್ಮನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮಂಥವರು ಯಾವ ಕಚೇರಿಗೆ ಹೋಗಿ ಬಾಯಿ ಬಿಟ್ಟರೂ ಮೊದಲು ಬರುವ ಪ್ರಶ್ನೆ ಅದೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ನನ್ನನ್ನು ಹೆತ್ತವಳು ಬದುಕಿದ್ದರೆ, ತರಬೇತಿ ಇರುವ ಒಬ್ಬರನ್ನು ಕಳಿಸಿ, ಸುತ್ತಲಿನ ಯಾರಿಗೂ ಗೊತ್ತಾಗದ ಹಾಗೆ ಆಕೆಯನ್ನು ಒಮ್ಮೆ ಕೇಳಿ. ಹೂಂ ಅಂದರೆ ನನಗೆ ತಿಳಿಸಿ. ಬೇಡ ಅಂದರೆ ಅದನ್ನೂ ತಿಳಿಸಿ, ನಾನು ಒಪ್ಪಿಕೊಳ್ಳುತ್ತೇನೆ. ಕೇಳದೇ ಇರುವುದನ್ನು ಮಾತ್ರ ಒಪ್ಪಿಕೊಳ್ಳಲು ಆಗುತ್ತಿಲ್ಲ.

ನಾನೂ ನನ್ನಂಥ ಇನ್ನು ಕೆಲವರೂ ಕಂಡಿರುವುದು ಇಷ್ಟು. ಅರ್ಜಿ ಕೊಡುತ್ತೇವೆ. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಹಳೇ ಸಂಸ್ಥೆಗೆ ಹೋಗುತ್ತದೆ. ಕೊನೆಗೆ ‘ದಾಖಲೆ ಲಭ್ಯವಿಲ್ಲ’ ಅಂತಲೋ, ‘ತಾಯಿಯ ಗೌಪ್ಯತೆಯ ದೃಷ್ಟಿಯಿಂದ ಮಾಹಿತಿ ನೀಡಲು ಬರುವುದಿಲ್ಲ’ ಅಂತಲೋ ಒಂದು ಸಾಲು ವಾಪಸ್ ಬರುತ್ತದೆ. ಕೆಲವರಿಗೆ ಅದೂ ಬರುವುದಿಲ್ಲ. ತಾಯಿಯನ್ನು ಹುಡುಕಿದಿರಾ, ಕೇಳಿದಿರಾ, ಏನಂದರು ಅಂತ ವಿಚಾರಿಸಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಮೇಜಿನ ಹಿಂದೆ ಕೂತವರು ಯಾರೋ ಆಕೆಯ ಪರವಾಗಿ ತಾವೇ ಬೇಡ ಅಂದಿರುತ್ತಾರೆ.

ಕಾನೂನು ಇಲ್ಲ ಅಂತ ಹೀಗಾಗುತ್ತಿದ್ದರೆ ಕಾನೂನು ಮಾಡಿ ಅಂತ ಕೇಳುತ್ತಿದ್ದೆ. ಆದರೆ ಕಾನೂನು ಇದೆ. 2017ರ ದತ್ತು ನಿಯಮಾವಳಿಯಲ್ಲೂ, ಈಗ ಜಾರಿಯಲ್ಲಿರುವ 2022ರ ನಿಯಮಾವಳಿಯಲ್ಲೂ ರೂಟ್ ಸರ್ಚ್ ಅಂತಲೇ ಒಂದು ನಿಯಮ ಇದೆ. ದತ್ತು ಹೋದವರು ತಮ್ಮ ಮೂಲ ಹುಡುಕಿಕೊಂಡು ಬಂದರೆ ದೆಹಲಿಯ ಕಾರಾದಿಂದ ಹಿಡಿದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದತ್ತು ಕೇಂದ್ರದವರೆಗೆ ಎಲ್ಲರೂ ನೆರವಾಗಬೇಕು ಅನ್ನುತ್ತದೆ ಅದು. ಮಗುವನ್ನು ಒಪ್ಪಿಸುವಾಗ ‘ನನ್ನ ಗುರುತು ಹೇಳಬೇಡಿ’ ಅಂತ ಹೆತ್ತವರು ಕೇಳಿಕೊಂಡಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಅವರು ಒಪ್ಪದಿದ್ದರೆ ಅಥವಾ ಸಿಗದಿದ್ದರೆ, ಮಗುವನ್ನು ಯಾಕೆ, ಎಂಥ ಪರಿಸ್ಥಿತಿಯಲ್ಲಿ ಒಪ್ಪಿಸಿದರು ಅನ್ನುವುದನ್ನಾದರೂ ಹೇಳಬೇಕು. ಒಪ್ಪಿಗೆ ಪಡೆಯಬೇಕು ಅಂದರೆ ಹೋಗಿ ಕೇಳಬೇಕು ಅಂತ ತಾನೇ ಅರ್ಥ? ಕೇಳದೆಯೇ ‘ಒಪ್ಪಿಗೆ ಇಲ್ಲ’ ಅಂತ ಬರೆದುಕೊಳ್ಳಿ ಅಂತ ಆ ನಿಯಮ ಎಲ್ಲೂ ಹೇಳಿಲ್ಲ.

ಈ ಮಾತು ಹೊಸದೂ ಅಲ್ಲ. ಮಕ್ಕಳನ್ನು ವಿದೇಶಕ್ಕೆ ದತ್ತು ಕಳಿಸುವಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ 1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಅನ್ನುವ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಬಂತು. ಈ ದೇಶದ ದತ್ತು ವ್ಯವಸ್ಥೆಗೆ ಅದೇ ತಳಪಾಯ. ಕಾರಾ ಹುಟ್ಟಿದ್ದು ಅದರ ನಂತರ, 1990ರಲ್ಲಿ. ಮಗು ದೊಡ್ಡದಾಗಿ, ತಿಳಿವಳಿಕೆ ಬಂದ ಮೇಲೆ ಹೆತ್ತವರ ಬಗ್ಗೆ ತಿಳಿಯಬೇಕು ಅಂದರೆ ಹೇಳುವುದಕ್ಕೆ ಅಂಥ ಗಂಭೀರ ಆಕ್ಷೇಪ ಇರಲಾರದು ಅಂತ ಆ ತೀರ್ಪಿನಲ್ಲೇ ಇದೆ. ನಾನು ತೊಟ್ಟಿಲಲ್ಲಿದ್ದ ಕಾಲದ ಮಾತು ಅದು. 2003ರಲ್ಲಿ ಭಾರತ ಹೇಗ್ ದತ್ತು ಒಪ್ಪಂದವನ್ನು ಅಂಗೀಕರಿಸಿತು. ಮಗುವಿನ ಮೂಲದ ಮಾಹಿತಿಯನ್ನು, ಅದರಲ್ಲೂ ಹೆತ್ತವರು ಯಾರು, ಅವರ ಆರೋಗ್ಯದ ಚರಿತ್ರೆ ಏನು ಅನ್ನುವುದನ್ನು ಕಾಪಾಡಿ ಇಡಬೇಕು ಅಂತ ಅದರ 30ನೇ ಕಲಂ ಹೇಳುತ್ತದೆ. ಕಾಗದದ ಮೇಲೆ ನಮಗೆ ಕೊರತೆ ಇಲ್ಲ. ಕೊರತೆ ಇರುವುದು ಜಿಲ್ಲೆಯ ಮಟ್ಟದಲ್ಲಿ, ಈ ಕೆಲಸ ತನ್ನದು ಅಂತ ತಿಳಿದ ಒಬ್ಬ ಮನುಷ್ಯರದ್ದು.

ಯಾವ ಊರು, ಯಾವ ಕಚೇರಿ ಅಂತ ಹೇಳದೆ ನನಗೆ ಆದದ್ದನ್ನು ಹೇಳುತ್ತೇನೆ. ಯಾರನ್ನೋ ಸಿಕ್ಕಿಸಿ ಹಾಕುವುದು ಈ ಪತ್ರದ ಉದ್ದೇಶ ಅಲ್ಲ.

ಅಮ್ಮ ನನ್ನ ಜೊತೆ ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ ದತ್ತಿನ ಕಾಗದಗಳು ಸಿಕ್ಕಿದ್ದವು, ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾನೇ ಹಿಡಿದುಕೊಂಡಿದ್ದಳು. ಅಲ್ಲಿದ್ದವರು ನಮ್ಮಿಬ್ಬರನ್ನೂ ನೋಡಿ, ‘ಏನಮ್ಮ, ಇಷ್ಟು ಚೆನ್ನಾಗಿ ಸಾಕಿದಾರೆ, ಈಗ್ಯಾಕೆ ಇದೆಲ್ಲ? ಅವರಿಗೆ ನೋವಾಗಲ್ವಾ?’ ಅಂದರು. ನಾನು ಉತ್ತರ ಕೊಡುವ ಮೊದಲೇ ಅಮ್ಮ, ‘ನಾನೇ ಕರ್ಕೊಂಡು ಬಂದಿದೀನಿ ಸಾರ್’ ಅಂದಳು. ಅವರಿಗೆ ಮುಂದೇನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಡತ ತರಿಸಿದರು.

ತೆಳ್ಳಗಿನ ಕಡತ. ಮೂಲೆಗಳನ್ನು ಗೆದ್ದಲು ತಿಂದಿತ್ತು. ಒಳಗೆ ಒಂದು ಅಚ್ಚಾದ ಫಾರಂ, ಶಾಯಿಯಲ್ಲಿ ತುಂಬಿದ್ದು. ಹೆಣ್ಣು. ತೂಕ ಒಂದು ಕೆ.ಜಿ. ಒಂಬೈನೂರು ಗ್ರಾಂ. ಬಲಗಿವಿಯ ಹಿಂದೆ ಮಚ್ಚೆ. ಆ ಮಚ್ಚೆ ಈಗಲೂ ಇದೆ. ಕೆಳಗೆ ‘ತಾಯಿ: ಅವಿವಾಹಿತೆ, ಕೂಲಿ’ ಅಂತ ಇತ್ತು. ಅದರ ಕೆಳಗಿನ ಸಾಲಿನ ಮೇಲೆ ಅವರು ಮರದ ಸ್ಕೇಲ್ ಇಟ್ಟಿದ್ದರು. ಹೆಸರು ಊರು ಇರುವ ಸಾಲು ಅದೇ ಇರಬೇಕು. ಸ್ಕೇಲಿನ ಕೆಳಗಡೆ ಹೆಬ್ಬೆಟ್ಟಿನ ಗುರುತು ಪೂರ್ತಿ ಕಾಣುತ್ತಿತ್ತು. ನೇರಳೆ ಶಾಯಿ. ಒತ್ತುವಾಗ ಬೆರಳು ಸ್ವಲ್ಪ ಜಾರಿ ಒಂದು ಕಡೆ ಬಾಲದ ಹಾಗೆ ಎಳೆದುಕೊಂಡಿತ್ತು. ನಾನು ನನ್ನ ಹೆತ್ತವಳಿಂದ ನೋಡಿರುವುದು ಅಷ್ಟೇ.

ಫೋಟೋ ತೆಗೆಯಬಹುದಾ ಅಂತ ಕೇಳಿದೆ. ಆಗುವುದಿಲ್ಲ ಅಂದರು. ಆಕೆ ಗುರುತು ಹೇಳಬೇಡಿ ಅಂತ ಬರೆಸಿದ್ದಾಳಾ ಅಂತ ಕೇಳಿದೆ. ಪುಟ ತಿರುಗಿಸಿ ನೋಡಿ, ಹಾಗೇನೂ ಬರೆದಿಲ್ಲ ಅಂದರು. ಹಾಗಿದ್ದರೆ ಆಕೆಯನ್ನು ಕೇಳಬಹುದಲ್ಲ ಅಂದೆ. ‘ಪಾಪ, ಅವರಿಗೂ ಈಗ ಸಂಸಾರ ಇರುತ್ತಲ್ಲ’ ಅಂದರು. ಆ ಅಧಿಕಾರಿ ಕೆಟ್ಟವರಲ್ಲ. ದನಿಯಲ್ಲಿ ನಿಜವಾಗಿಯೂ ಅನುಕಂಪ ಇತ್ತು. ಆದರೆ ಆ ಸಂಸಾರದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆಕೆ ಬದುಕಿದ್ದಾಳಾ ಅಂತ ಕೂಡ ಗೊತ್ತಿರಲಿಲ್ಲ.

ಗೌಪ್ಯತೆಯ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಮದುವೆಯಾಗದೆ ಬಸುರಾದ ಹುಡುಗಿಗೆ ಆಗ ಊರಲ್ಲಿ ಏನಾಗುತ್ತಿತ್ತು ಅಂತ ನಮಗೆಲ್ಲ ಗೊತ್ತು. ಈಗಲೂ ಬಹಳ ಕಡೆ ಬದಲಾಗಿಲ್ಲ. ಕೆಲವರ ಮೇಲೆ ಬಲಾತ್ಕಾರ ಆಗಿತ್ತು. ಕೆಲವರನ್ನು ಮನೆಯವರೇ ದೂರದ ಊರಿಗೆ ಕಳಿಸಿ, ಹೆರಿಗೆ ಆದ ಮೇಲೆ ಬರಿಗೈಯಲ್ಲಿ ಕರೆದುಕೊಂಡು ಬಂದಿದ್ದರು. ಅಂಥ ಹೆಂಗಸಿನ ಮನೆ ಬಾಗಿಲಿಗೆ ಒಂದು ದಿನ ಇದ್ದಕ್ಕಿದ್ದಂತೆ ಮಗಳು ಬಂದು ನಿಲ್ಲಬಾರದು. ನಾನೂ ನಿಲ್ಲುವುದಿಲ್ಲ. ಅದಕ್ಕೇ ಸರ್ಕಾರವನ್ನು ಕೇಳುತ್ತಿರುವುದು.

2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತಲ್ಲ, ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಆ ತೀರ್ಪನ್ನು ನಮ್ಮ ಅರ್ಜಿಗಳ ವಿರುದ್ಧ ತೋರಿಸುವವರಿದ್ದಾರೆ. ಆದರೆ ಖಾಸಗಿತನ ಅಂದರೆ ತನ್ನ ಬದುಕಿನ ನಿರ್ಧಾರ ತಾನೇ ಮಾಡುವುದು ಅಂತಲೂ ಆ ತೀರ್ಪು ಹೇಳುತ್ತದೆ. ಆ ನಿರ್ಧಾರ ಆಕೆಯದ್ದು. ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಹದಿನೆಂಟು ಇಪ್ಪತ್ತನೇ ವಯಸ್ಸಿನಲ್ಲಿ, ಹೆರಿಗೆಯ ನೋವು ಆರುವ ಮೊದಲೇ ಹೆಬ್ಬೆಟ್ಟು ಒತ್ತಿದ ಹುಡುಗಿ ಅರವತ್ತರ ವಯಸ್ಸಿನಲ್ಲಿ ಏನು ಬಯಸುತ್ತಾಳೆ ಅಂತ ಯಾರಿಗೆ ಗೊತ್ತು? ಗಂಡ ತೀರಿಹೋಗಿರಬಹುದು. ಮಕ್ಕಳಿಗೆ ಹೇಳಿಬಿಟ್ಟಿರಬಹುದು. ನೆನೆಸಿಕೊಳ್ಳಲೂ ಇಷ್ಟ ಇಲ್ಲದಿರಬಹುದು. ಕೇಳಿದರೆ ತಾನೇ ತಿಳಿಯುವುದು.

ಹೇಗೆ ಕೇಳಬೇಕು ಅನ್ನುವುದು ಮುಖ್ಯ. ಊರಿಗೆ ಇಲಾಖೆಯ ಬೋರ್ಡ್ ಇರುವ ಜೀಪ್ ಹೋಗಬಾರದು. ಪೊಲೀಸರು ಹೋಗಲೇಬಾರದು. ಪಂಚಾಯಿತಿಯಲ್ಲಿ, ಅಂಗನವಾಡಿಯಲ್ಲಿ ಹೆಸರು ಹೇಳಿ ವಿಚಾರಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅಂಚೆಯಲ್ಲಿ ಕಾಗದ ಹಾಕಿದರೆ ಅದನ್ನು ಒಡೆದು ಓದುವವರು ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ. ಮಧ್ಯವಯಸ್ಸಿನ ಒಬ್ಬ ಹೆಣ್ಣುಮಗಳು, ಆ ಭಾಗದ ಮಾತು ಬಲ್ಲವಳು, ಬೇರೆ ಯಾವುದೋ ಕೆಲಸದ ನೆಪದಲ್ಲಿ ಹೋಗಬೇಕು. ತಾಯಿ ಒಬ್ಬಳೇ ಸಿಗುವ ತನಕ ಕಾಯಬೇಕು. ನೇರ ವಿಷಯಕ್ಕೆ ಬರಬಾರದು. ಇವರೇ ಅವರು ಅಂತ ಖಾತ್ರಿಯಾದ ಮೇಲೆ, ‘ನೀವು ಒಪ್ಪಿಸಿದ ಮಗು ಚೆನ್ನಾಗಿದೆ, ನಿಮ್ಮ ಬಗ್ಗೆ ಕೇಳುತ್ತಿದೆ, ನೀವು ಏನು ಹೇಳಿದರೂ ಅದೇ ಕೊನೆ’ ಅಂತ ಹೇಳಬೇಕು. ತಕ್ಷಣ ಉತ್ತರ ಕೇಳಬಾರದು. ಒಂದು ಫೋನ್ ನಂಬರ್ ಕೊಟ್ಟು ಬರಬೇಕು. ಇದು ನಾಜೂಕಿನ ಕೆಲಸ, ಕಲಿಸಿದರೆ ಬರುವಂಥದ್ದು. ಆಪ್ತ ಸಮಾಲೋಚನೆ ಓದಿದ, ಸಮಾಜಕಾರ್ಯ ಓದಿದ ಎಷ್ಟು ಜನ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲಿದ್ದಾರೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ನಾಲ್ಕು ವಿಭಾಗಕ್ಕೆ ಒಬ್ಬೊಬ್ಬರಾದರೂ ಇದಕ್ಕೇ ಅಂತ ಇದ್ದರೆ ಸಾಕು, ಶುರು ಮಾಡಬಹುದು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ತಾಯಂದಿರೂ ವಾಪಸ್ ಬರುತ್ತಾರೆ. ಹಳೇ ಸಂಸ್ಥೆಯೊಂದರಲ್ಲಿ ಆಯಾ ಆಗಿ ಬಹಳ ಕಾಲ ದುಡಿದ ಒಬ್ಬ ಅಜ್ಜಿ ನನಗೆ ಹೇಳಿದ್ದು. ವರ್ಷಗಟ್ಟಲೆ ಕಳೆದ ಮೇಲೆ ಗೇಟಿನ ಹತ್ತಿರ ನಿಂತು, ‘ನನ್ನ ಕೂಸು ಉಳಿದಿದೆಯಾ, ಅಷ್ಟು ಹೇಳಿ ಸಾಕು’ ಅಂತ ಕೇಳುವ ಹೆಂಗಸರು ಇರುತ್ತಿದ್ದರಂತೆ. ಅವರಿಗೆ ಏನೂ ಹೇಳದೆ ಕಳಿಸುತ್ತಿದ್ದರಂತೆ. ನಿಯಮ ಮಾತಾಡುವುದು ದತ್ತು ಹೋದವರ ಹುಡುಕಾಟದ ಬಗ್ಗೆ. ಹೆತ್ತವಳು ಕೇಳಿದರೆ ಏನು ಮಾಡಬೇಕು? ಇಂಗ್ಲೆಂಡಿನಲ್ಲಿ 1991ರಿಂದ ಒಂದು ರಿಜಿಸ್ಟರ್ ಇದೆ. ದತ್ತು ಹೋದವರೂ ಹೆಸರು ಬರೆಸಬಹುದು, ಹೆತ್ತ ಕಡೆಯವರೂ ಬರೆಸಬಹುದು. ಎರಡೂ ಕಡೆ ಹೊಂದಿದರೆ ತಿಳಿಸುತ್ತಾರೆ. ಸಂಪರ್ಕ ಬೇಡ ಅನ್ನುವವರು ಬೇಡ ಅಂತಲೂ ಬರೆಸಬಹುದು. ಅಂಥದ್ದೊಂದು ಇಲ್ಲೂ ಇದ್ದಿದ್ದರೆ ಗೇಟಿನ ಹತ್ತಿರ ನಿಂತಿದ್ದ ಆ ತಾಯಂದಿರು ಬರಿಗೈಯಲ್ಲಿ ಹೋಗಬೇಕಿರಲಿಲ್ಲ. ಓದು ಬರಹ ಬಾರದವರಿಗೆ ಹೆಬ್ಬೆಟ್ಟಿನ ಗುರುತೇ ಸಾಕು, ಆಗಲೂ ಅದನ್ನೇ ತಾನೇ ತೆಗೆದುಕೊಂಡದ್ದು.

ಯಾಕೆ ತಿಳಿಯಬೇಕು ಅಂತ ಕೇಳುವವರಿಗೆ ಎರಡು ಮಾತು. ಕರ್ಣನ ಕಥೆ ಹೇಳಿ ಸಮಾಧಾನ ಮಾಡುವವರು ಬಹಳ ಜನ ಸಿಕ್ಕಿದ್ದಾರೆ. ಅವರ ಪ್ರೀತಿ ಅರ್ಥವಾಗುತ್ತದೆ, ಆದರೆ ನನಗೆ ಬೇಕಿರುವುದು ಅದಲ್ಲ.

ನನ್ನ ದತ್ತು ಆಗಿದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ. ಅದರ 12ನೇ ಕಲಂ ನೋಡಿ. ದತ್ತಾದ ದಿನದಿಂದ ಮಗು ಎಲ್ಲ ರೀತಿಯಲ್ಲೂ ದತ್ತು ಪಡೆದವರ ಮಗುವೇ. ಹುಟ್ಟಿದ ಮನೆಯ ಸಂಬಂಧ ಕಡಿದ ಹಾಗೆ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ. ಹುಟ್ಟಿದ ಮನೆಯಲ್ಲೇ ಇದ್ದಿದ್ದರೆ ಯಾರನ್ನು ಮದುವೆ ಆಗಲು ಬರುತ್ತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ. ಸರಿಯಾದ ಮಾತು. ಆದರೆ ಅವರು ಯಾರು ಅಂತ ನನಗೆ ಹೇಳುವವರು ಯಾರು? ಒಬ್ಬ ಹುಡುಗ ನನಗೆ ಅಣ್ಣನಾಗಬೇಕೋ ಸೋದರಮಾವನ ಮಗನಾಗಬೇಕೋ ಅಂತ ತಿಳಿಯುವ ದಾರಿಯನ್ನು ಮುಚ್ಚಿಟ್ಟು, ತಪ್ಪಿ ಮದುವೆಯಾದರೆ ಅದು ಕಾನೂನುಬಾಹಿರ ಅಂತ ಹೇಳುವುದು ನ್ಯಾಯವಾ? ನನಗೆ ಗಂಡು ನೋಡುವಾಗ ಬಂದವರೆಲ್ಲ ಬೆಡಗು (ಗೋತ್ರದ ಹಾಗೆ) ಯಾವುದು, ಮನೆದೇವರು ಯಾವುದು ಅಂತ ಕೇಳುತ್ತಿದ್ದರು. ಅಪ್ಪ ನಮ್ಮ ಮನೆಯ ಬೆಡಗನ್ನೇ ಹೇಳುತ್ತಿದ್ದರು. ಅದು ನನ್ನದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ರಕ್ತಸಂಬಂಧದ ಲೆಕ್ಕಕ್ಕೆ ಅದು ಉತ್ತರ ಆಗುವುದಿಲ್ಲ ಅಂತ ಅಪ್ಪನಿಗೂ ಗೊತ್ತಿತ್ತು. ಗಂಡಿನ ಕಡೆಯವರ ಊರು ಯಾವುದು ಅಂತ ಅಪ್ಪ ಎರಡೆರಡು ಸಲ ಕೇಳುತ್ತಿದ್ದದ್ದು ಯಾಕೆ ಅಂತ ನನಗೆ ಬಹಳ ತಡವಾಗಿ ಹೊಳೆಯಿತು.

ಆರೋಗ್ಯದ್ದು ಇನ್ನೂ ನೇರ. ಕೆಲವು ವರ್ಷದ ಹಿಂದೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಮೊದಲು ಕೇಳಿದ್ದು, ‘ಅಮ್ಮನಿಗೆ, ಚಿಕ್ಕಮ್ಮ ದೊಡ್ಡಮ್ಮನಿಗೆ ಯಾರಿಗಾದರೂ ಇತ್ತಾ?’ ಅಂತ. ಪಕ್ಕದಲ್ಲಿ ಕೂತಿದ್ದ ಅಮ್ಮ ಏನೂ ಹೇಳಲಾಗದೆ ನನ್ನ ಮುಖ ನೋಡಿದಳು. ಗಂಟು ಅಪಾಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಎಷ್ಟು ವಯಸ್ಸಿನಿಂದ ತಪಾಸಣೆ ಮಾಡಿಸಬೇಕು, ನನ್ನ ಮಗಳು ಯಾವಾಗಿಂದ ಎಚ್ಚರಿಕೆ ವಹಿಸಬೇಕು ಅನ್ನುವುದೆಲ್ಲ ಆ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಹೆಸರು ಬೇಡ, ಊರೂ ಬೇಡ. ಆ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು ಅಂತ ತಿಳಿದರೆ ಯಾರ ಗೌಪ್ಯತೆಗೂ ಧಕ್ಕೆ ಇಲ್ಲ, ಅಲ್ವಾ?

ಇದೆಲ್ಲಕ್ಕಿಂತ ತುರ್ತಾಗಿರುವುದು ಕಡತಗಳ ವಿಷಯ. ಹಳೇ ದತ್ತುಗಳ ಕಾಗದ ಹತ್ತು ಕಡೆ ಹರಿದು ಹಂಚಿಹೋಗಿದೆ. ಒಂದಿಷ್ಟು ಸಂಸ್ಥೆಗಳ ಬೀರುವಿನಲ್ಲಿ. ಒಂದಿಷ್ಟು ಕೋರ್ಟಿನ ರೆಕಾರ್ಡ್ ರೂಮಿನಲ್ಲಿ, ಯಾಕೆಂದರೆ ಸಂಸ್ಥೆಯಲ್ಲಿದ್ದ ಮಗುವನ್ನು ಕೊಡಬೇಕಾದರೆ ಕೋರ್ಟಿನ ಅನುಮತಿ ಬೇಕಿತ್ತು. ವಿದೇಶಕ್ಕೆ ಹೋದ ಮಕ್ಕಳನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪಾಲಕತ್ವದ ಆದೇಶದ ಮೇಲೆ ಕಳಿಸುತ್ತಿದ್ದರು. ಆ ಆದೇಶಗಳೂ ಅಲ್ಲೇ. ಒಂದಿಷ್ಟು ಉಪನೋಂದಣಿ ಕಚೇರಿಯ ದತ್ತು ಪತ್ರಗಳಲ್ಲಿ, ಒಂದಿಷ್ಟು ಆಸ್ಪತ್ರೆಯ ಹೆರಿಗೆ ರಿಜಿಸ್ಟರಿನಲ್ಲಿ, ಪೊಲೀಸ್ ಠಾಣೆಯ ಡೈರಿಯಲ್ಲಿ. ಜನನ ಪ್ರಮಾಣಪತ್ರದಲ್ಲಿ ಇರುವುದು ದತ್ತು ಪಡೆದವರ ಹೆಸರು, ಅಲ್ಲಿ ಹುಡುಕಿ ಫಲವಿಲ್ಲ. ಕೋರ್ಟಿನ ಹಳೇ ಕಾಗದಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡುವ ಪದ್ಧತಿ ಇದೆ. ಸಂಸ್ಥೆ ಮುಚ್ಚಿದರೆ ಬೀರು ಯಾರ ಮನೆಗೆ ಹೋಯಿತೋ. ಆಗಿನ ಮೇಟ್ರನ್‌ಗಳು, ಆಯಾಗಳು, ಸಮಾಜಕಾರ್ಯಕರ್ತೆಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಕಾಗದದಲ್ಲಿ ಇಲ್ಲದ್ದು ಅವರ ನೆನಪಿನಲ್ಲಿತ್ತು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಹಳೇ ಕಾಗದ ಕಾಪಾಡುವುದೇ ಅವರ ಕೆಲಸ. ದತ್ತು ಕಡತಗಳನ್ನೆಲ್ಲ ತರಿಸಿ, ಸ್ಕ್ಯಾನ್ ಮಾಡಿಸಿ, ಮೊಹರು ಹಾಕಿ ಅಲ್ಲಿ ಇಡಿಸಿ. ತೆರೆಯುವ ಅಧಿಕಾರ ಯಾರಿಗೆ ಅನ್ನುವುದನ್ನು ಆಮೇಲೆ ನಿಧಾನವಾಗಿ ತೀರ್ಮಾನ ಮಾಡಬಹುದು. ಗೆದ್ದಲು ಮಾತ್ರ ನಿಮ್ಮ ತೀರ್ಮಾನಕ್ಕೆ ಕಾಯುವುದಿಲ್ಲ.

ಕಡತವೇ ಇಲ್ಲದವರೂ ಇದ್ದಾರೆ. ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಆದ ಕೂಡಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ, ನೇರವಾಗಿ ಹೊಸ ಅಪ್ಪ ಅಮ್ಮನ ಹೆಸರಿನಲ್ಲೇ ಜನನ ನೋಂದಣಿ ಆದವರು. ಅವರಿಗೆ ಯಾವ ರೂಟ್ ಸರ್ಚ್ ನಿಯಮವೂ ಮುಟ್ಟುವುದಿಲ್ಲ. ಅವರ ನೋವಿಗೆ ಈ ಪತ್ರದಲ್ಲಿ ಪರಿಹಾರ ಇಲ್ಲ, ಅವರನ್ನು ಬಿಟ್ಟು ಬರೆಯಲೂ ಮನಸ್ಸು ಬರಲಿಲ್ಲ.

ವಿದೇಶಕ್ಕೆ ಹೋದವರ ಕಷ್ಟವೇ ಬೇರೆ. ಬೆಂಗಳೂರಿನಿಂದ ಕೂಸಾಗಿದ್ದಾಗ ಸ್ವೀಡನ್‌ಗೆ ಹೋದ ಒಬ್ಬ ಗೆಳತಿ ನನಗಿದ್ದಾಳೆ. ಕನ್ನಡದ ಒಂದು ಅಕ್ಷರ ಬಾರದು. ಅವಳ ಬಳಿ ಇರುವ ಒಂದೇ ಕಾಗದ ಕನ್ನಡದಲ್ಲಿದೆ, ‘ಸದರಿ ಮಗುವು’ ಅಂತ ಶುರುವಾಗುವ ಕೈಬರಹದ ಅರ್ಧ ಪುಟ. ವೀಡಿಯೋ ಕಾಲಿನಲ್ಲಿ ಅವಳು ಅದನ್ನು ಹಿಡಿದು ತೋರಿಸಿದಳು, ನಾನು ಓದಿ ಹೇಳಿದೆ. ಮಗು ಸಿಕ್ಕಿದ ಜಾಗ, ಸಿಕ್ಕಿದ ಹೊತ್ತು, ಸುತ್ತಿದ್ದ ಸೀರೆಯ ತುಂಡಿನ ಬಣ್ಣ. ಅವಳಿಗೆ ಅಷ್ಟು ವರ್ಷ ಗೊತ್ತಿದ್ದದ್ದು ‘ಅನಾಥೆ’ ಅಂತ ಮಾತ್ರ. ಸೀರೆ ಹಸಿರು ಅಂದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅವಳ ಪರವಾಗಿ ನಾನು ಕಚೇರಿಗೆ ಹೋಗಿ ಕೇಳೋಣ ಅಂದರೆ, ಮೂರನೆಯವರು ರೂಟ್ ಸರ್ಚ್ ಮಾಡುವಂತಿಲ್ಲ ಅಂತ ನಿಯಮ ಇದೆ. ಆ ನಿಯಮ ಯಾಕೆ ಬಂತು ಅಂತ ನನಗೆ ಗೊತ್ತು. ದುಡ್ಡಿಗಾಗಿ ಹುಡುಕಿಕೊಡುತ್ತೇವೆ ಅಂತ ಹೆತ್ತವರ ಮನೆಗೆ ನುಗ್ಗುವವರನ್ನು ತಡೆಯಬೇಕು, ಒಪ್ಪುತ್ತೇನೆ. ಆದರೆ ಸಾವಿರಾರು ಮೈಲಿ ದೂರದಲ್ಲಿ, ಭಾಷೆ ಬಾರದೆ ಇರುವವರು ತಾವೇ ಲಿಖಿತವಾಗಿ ನೇಮಿಸಿದ ಒಬ್ಬ ಸಹಾಯಕರನ್ನು ಮೂರನೆಯವರು ಅಂತ ದೂರ ಇಡಬಾರದು.

ಅವರ ವಿಷಯದಲ್ಲಿ ಇನ್ನೂ ಒಂದು ಭಾರ ಇದೆ. ಕಾಗದದಲ್ಲಿ ‘ಅನಾಥ’ ಅಂತ ಬರೆದದ್ದೆಲ್ಲ ನಿಜ ಅಲ್ಲ ಅಂತ ಈಗ ಜಗತ್ತಿಗೆ ಗೊತ್ತಾಗಿದೆ. ಚೆನ್ನೈನಲ್ಲಿ ಕದ್ದ ಮಕ್ಕಳನ್ನು ವಿದೇಶಕ್ಕೆ ದತ್ತು ಕಳಿಸಿದ ಪ್ರಕರಣ 2005ರಲ್ಲಿ ಬಯಲಾಯಿತು. ನೆದರ್ಲೆಂಡ್ಸ್ ತನ್ನದೇ ತನಿಖೆಯ ವರದಿ ನೋಡಿ 2021ರಲ್ಲಿ ವಿದೇಶಿ ದತ್ತುಗಳನ್ನು ತಡೆಹಿಡಿಯಿತು. ಭಾರತದಿಂದ ಬಂದ ಮಕ್ಕಳ ಹಳೇ ಕಾಗದಗಳನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಪರಿಶೀಲಿಸಿದ್ದಾರೆ. ಅಲ್ಲಿ ಕಡತ ತೆರೆಯುತ್ತಿದ್ದಾರೆ. ಆ ಕಡತಗಳ ಇನ್ನೊಂದು ಅರ್ಧ ನಮ್ಮ ಜಿಲ್ಲೆಗಳಲ್ಲಿದೆ. ಇಂಗ್ಲೆಂಡಿನಲ್ಲಿ ದತ್ತು ಹೋದ ವಯಸ್ಕರು 1976ರಿಂದ ತಮ್ಮ ಮೂಲ ಜನನ ಪತ್ರ ಪಡೆಯುತ್ತಿದ್ದಾರೆ, ಸ್ಕಾಟ್ಲೆಂಡಿನಲ್ಲಿ 1930ರಿಂದಲೇ. ಅದರಿಂದ ಯಾರ ಸಂಸಾರಗಳೂ ಸಾಲುಸಾಲಾಗಿ ಮುರಿದುಬೀಳಲಿಲ್ಲ.

ಪ್ರತಿ ನವೆಂಬರಿನಲ್ಲಿ ದತ್ತು ಜಾಗೃತಿ ಮಾಸ ಆಚರಿಸುತ್ತೀರಿ. ಪೋಸ್ಟರುಗಳಲ್ಲಿ ನಗುವ ಕಂದಮ್ಮಗಳು ಇರುತ್ತವೆ. ಒಳ್ಳೆಯದೇ, ಇನ್ನೂ ಜಾಸ್ತಿ ಮಕ್ಕಳಿಗೆ ಮನೆ ಸಿಗಲಿ. 2024-25ರಲ್ಲಿ ದೇಶದಲ್ಲಿ 4,515 ದತ್ತುಗಳು ಆಗಿವೆ ಅಂತ ಕಾರಾ ಹೇಳಿದೆ. ಅದರಲ್ಲಿನ ಕೂಸುಗಳಿಗೆ 2043ರ ಹೊತ್ತಿಗೆ ಹದಿನೆಂಟು ತುಂಬುತ್ತದೆ. ಅವರು ಬಂದು ಕೇಳುವ ಪ್ರಶ್ನೆ ನಮ್ಮದೇ ಆಗಿರುತ್ತದೆ. ಅವರಿಗಾಗಿ ಈಗಲೇ ಮಾಡಬಹುದಾದದ್ದು ಬಹಳ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾಯಿ ಮಗುವನ್ನು ಒಪ್ಪಿಸುವಾಗ ಯೋಚನೆ ಬದಲಿಸಲು ಎರಡು ತಿಂಗಳ ಕಾಲ ಇರುತ್ತದೆ. ಆ ಅವಧಿಯಲ್ಲೇ ಆಕೆಯ ಮನೆಯ ಆರೋಗ್ಯದ ವಿವರ ಬರೆದುಕೊಳ್ಳಿ. ‘ಮುಂದೆ ಮಗು ಕೇಳಿದರೆ ಏನು ಹೇಳಬೇಕು’ ಅಂತ ಆಕೆಯನ್ನೇ ಕೇಳಿ, ಆಕೆಯ ಮಾತಿನಲ್ಲೇ ಬರೆದಿಡಿ, ಅಥವಾ ಆಕೆಯ ಧ್ವನಿಯನ್ನೇ ರೆಕಾರ್ಡ್ ಮಾಡಿ. ಆಮೇಲೆ ಮನಸ್ಸು ಬದಲಾದರೆ ಬಂದು ತಿದ್ದಬಹುದು ಅಂತ ತಿಳಿಸಿ.

ನಮ್ಮ ಅರ್ಜಿಗಳನ್ನು, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಯೋಜನೆಯ ಅಡಿಯಲ್ಲಿ ತನ್ನಿ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ ಅಂತ ಗಡುವು ಹಾಕಿದ ರಾಜ್ಯ ನಮ್ಮದು. ಹುಡುಕಾಟ ಇಷ್ಟೇ ದಿನದಲ್ಲಿ ಮುಗಿಯಲಿ ಅಂತ ನಾನು ಹೇಳುವುದಿಲ್ಲ, ಅದು ಹಾಗೆ ಮುಗಿಯುವ ಕೆಲಸ ಅಲ್ಲ. ಆದರೆ ಕಡತ ಇದೆಯೋ ಇಲ್ಲವೋ, ಹುಡುಕುವ ಕೆಲಸ ಯಾರ ಕೈಯಲ್ಲಿದೆ, ಎಲ್ಲಿಗೆ ಬಂತು ಅನ್ನುವುದನ್ನು ಗೊತ್ತುಪಡಿಸಿದ ದಿನಗಳೊಳಗೆ ಬರೆದು ತಿಳಿಸಲು ಕಷ್ಟವೇನಿಲ್ಲ. ಇಲ್ಲ ಅಂದರೆ ಯಾಕೆ ಇಲ್ಲ ಅಂತ ಬರೆಯಿರಿ. ತಾಯಿಯನ್ನು ಕೇಳಿದ್ದರೆ ಕೇಳಿದೆವು ಅಂತ ಬರೆಯಿರಿ.

ನಮಗೆ ಜಾಸ್ತಿ ಸಮಯ ಇಲ್ಲ. ಎಂಬತ್ತರ ದಶಕದಲ್ಲಿ ಮಗು ಒಪ್ಪಿಸಿದವರಿಗೆ ಈಗ ಅರವತ್ತು, ಎಪ್ಪತ್ತು. ಕೂಲಿ ಮಾಡಿದ ಮೈ, ಬೇಗ ಸವೆದಿರುತ್ತದೆ. ಸಮಾಲೋಚಕರ ನೇಮಕ, ರಿಜಿಸ್ಟರ್, ಸಕಾಲ, ಇವಕ್ಕೆಲ್ಲ ಕಡತ ಓಡಾಡಬೇಕು, ಹಣಕಾಸು ಇಲಾಖೆ ಒಪ್ಪಬೇಕು, ಗೊತ್ತಿದೆ. ಅದಕ್ಕೆ ಸಭೆ ಕರೆಯಿರಿ, ನಾವು ಬಂದು ಕೂರುತ್ತೇವೆ, ಕೇಳಿದ್ದನ್ನೆಲ್ಲ ಹೇಳುತ್ತೇವೆ. ಆದರೆ ಒಂದು ಕೆಲಸಕ್ಕೆ ಯಾವ ಹಣವೂ ಬೇಡ. ರಾಜ್ಯದ ಎಲ್ಲ ದತ್ತು ಕೇಂದ್ರಗಳಿಗೆ, ಜಿಲ್ಲಾ ಘಟಕಗಳಿಗೆ, ಆಸ್ಪತ್ರೆಗಳಿಗೆ ಈ ವಾರವೇ ಒಂದು ಸುತ್ತೋಲೆ ಕಳಿಸಿ. ಎಷ್ಟೇ ಹಳೆಯದಾಗಲಿ, ಎಷ್ಟೇ ಹರಿದಿರಲಿ, ಮುಂದಿನ ಆದೇಶದವರೆಗೆ ಯಾವ ದತ್ತು ಕಡತವನ್ನೂ ನಾಶ ಮಾಡಬಾರದು, ಯಾರ ಬಳಿ ಏನಿದೆ ಅಂತ ಪಟ್ಟಿ ಕಳಿಸಬೇಕು ಅಂತ. ಕೋರ್ಟುಗಳ ರೆಕಾರ್ಡ್ ರೂಮಿನ ಬಗ್ಗೆ ಹೈಕೋರ್ಟಿಗೆ ಒಂದು ಮನವಿ ಬರೆಯಿರಿ. ಆ ಸುತ್ತೋಲೆಯ ಪ್ರತಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿ. ನಾವು ಕಾಯುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದತ್ತುಮಗಳು
ದಾವಣಗೆರೆ